ಪಕ್ಕಕ್ಕೆ ಸರಿಯದ ಮನೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಸಂಜೆ

ಪ್ರೀತಿಯ ಇವರಿಗೆ,

ಬಾಯಲ್ಲಿ 'ರೀ' ಎಂದು ಕರೆದು ಅಭ್ಯಾಸವಾದವಳಿಗೆ ಕಾಗದದ ಮೇಲೆ ಏನೆಂದು ಕರೆಯಬೇಕೋ ಈಗಲೂ ತಿಳಿಯುವುದಿಲ್ಲ. ನೀವು ಗಡಿಯಲ್ಲಿದ್ದಾಗಲೂ ಇದೇ ಕಷ್ಟವಿತ್ತು. ನನ್ನ ಕಾಗದವನ್ನು ಕದ್ದು ಓದಿದ ನಿಮ್ಮ ಸ್ನೇಹಿತರು ತಿಂಗಳುಗಟ್ಟಲೆ ನಿಮ್ಮನ್ನು 'ಇವರೇ, ಚಹಾ ಆಯ್ತಾ ಇವರೇ' ಎಂದು ಕಾಡಿದ್ದನ್ನು ನೀವೇ ಹೇಳಿದ್ದಿರಿ. ಇರಲಿ. ಹೇಗಿದ್ದೀರಿ? ಹೊಸ ಮಾತ್ರೆಯಿಂದ ಬಾಯಿ ಒಣಗುವುದು ಕಡಿಮೆಯಾಯಿತೇ? ಮಂಡಿಗೆ ಹಚ್ಚಲು ಕೊಟ್ಟ ಮುಲಾಮನ್ನು ಹಚ್ಚುತ್ತಿದ್ದೀರೋ ಅಥವಾ ಪಕ್ಕದ ಹಾಸಿಗೆಯವರಿಗೆ ದಾನ ಮಾಡಿದಿರೋ? ಅವರು ಈಗಲೂ ಸ್ನಾನದ ಮನೆಯಲ್ಲಿ ಹಾಡುತ್ತಾರೆಯೇ? ಒಂದೇ ಸಾಲನ್ನು ಹಾಡುತ್ತಾರೆ, ಎರಡನೆಯದು ಅವರಿಗೆ ಬರುವುದೇ ಇಲ್ಲ ಎಂದು ನೀವು ಹೇಳಿದ ಮೇಲೆ ಆ ಎರಡನೆಯ ಸಾಲು ಏನಿರಬಹುದೆಂದು ಅಂಗಡಿಯಲ್ಲಿ ಕೂತು ನಾನೂ ಯೋಚಿಸುತ್ತಿರುತ್ತೇನೆ. ನಾನು ಚೆನ್ನಾಗಿದ್ದೇನೆ. ಆದರೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಒಲೆ ಆರಿಸಿದ್ದೇನೆಯೇ ಎಂದು ನೋಡಿ ಬಂದೆ. ಒಲೆಯನ್ನು ನಾನು ಹಚ್ಚಿಯೇ ಇರಲಿಲ್ಲ.

ನಿನ್ನೆ ಡಾಕ್ಟರಮ್ಮ ಫೋನ್ ಮಾಡಿದ್ದರು. ಶನಿವಾರ ನಿಮ್ಮನ್ನು ಬಿಡುತ್ತಾರಂತೆ. ನಾನು ಸಂತೋಷದಿಂದ ಏನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಮೆಲ್ಲಗೆ, ನೀವು ಮನೆಗೆ ಬರುವುದಿಲ್ಲ ಎಂದಿದ್ದೀರಿ, ನಿವೃತ್ತ ಸೈನಿಕರ ವಸತಿಗೃಹದಲ್ಲಿ ಕೋಣೆ ಕೇಳಿದ್ದೀರಿ, ಅದನ್ನು ನನಗೆ ತಿಳಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದ್ದೀರಿ ಎಂದರು. ಅಲ್ಲ, ಇಪ್ಪತ್ತಾರು ವರ್ಷ ಎಲ್ಲರಿಗಿಂತ ಮುಂದೆ ನಡೆದು ದಾರಿ ಮಾಡಿಕೊಟ್ಟ ಮನುಷ್ಯ ಹೆಂಡತಿಗೆ ಒಂದು ಮಾತು ಹೇಳಲು ಡಾಕ್ಟರನ್ನು ಮುಂದೆ ಬಿಡುವುದೇ? ಕೋಪ ಬಂತು. ಕೋಪ ಇಳಿಯಲೆಂದು ಕಿಟಕಿ ಪರದೆಗಳನ್ನೆಲ್ಲ ತೆಗೆದು ಒಗೆದೆ. ಅವು ಮೊನ್ನೆಯಷ್ಟೇ ಒಗೆದವು. ಅಲ್ಲಿ ಓಣಿಗಳು ಅಗಲವಾಗಿವೆ, ಯಾರಿಗೂ ಯಾರೂ ಅಡ್ಡ ಬರುವುದಿಲ್ಲ ಎಂದು ನೀವು ಕಾರಣ ಕೊಟ್ಟಿದ್ದೀರಂತೆ. ಆ ಕಾರಣ ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಪಾರ್ಕಿನ ಆ ದಿನದ ಬಗ್ಗೆ ನಾವು ಇದುವರೆಗೆ ಮಾತೇ ಆಡಿಲ್ಲ. ನಿಮಗೆ ಎಷ್ಟು ನೆನಪಿದೆಯೋ ಹೇಳಲಾಗದು, ನಾನು ಕಂಡದ್ದನ್ನು ನಿಮಗೆ ಹೇಳುವುದು ಒಳ್ಳೆಯದು ಎಂದರು ಡಾಕ್ಟರಮ್ಮ. ಹೇಳುತ್ತೇನೆ. ಮಗಳು, ನೀವು, ನಾನು ಕಲ್ಲು ಹಾಸಿದ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಬರುತ್ತಿದ್ದೆವು, ಎಂದಿನಂತೆ ನೀವು ಮುಂದೆ. ಅಳಿಯ ಗಾಡಿ ನಿಲ್ಲಿಸಲು ಹೋಗಿದ್ದ. ನಮ್ಮ ಮೊಮ್ಮಗಳು, ಯಜಮಾನಿ, ಅವಳಮ್ಮನ ಕೈಯಿಂದ ಜಾರಿ ದಾರಿ ಬಿಟ್ಟು ಹುಲ್ಲಿಗೆ ಇಳಿದಳು. ಆಗಷ್ಟೇ ನಡಿಗೆ ಕಲಿತವಳು. ಒಂದೂವರೆ ವರ್ಷದ ಮಗುವಿಗೆ ಯಜಮಾನಿ ಎಂದು ಹೆಸರಿಟ್ಟವರು ನೀವೇ, ಅವಳು ಯಾರ ಮಾತನ್ನೂ ಕೇಳುವುದಿಲ್ಲವೆಂದು. ನಾಲ್ಕು ಹೆಜ್ಜೆ ಹಾಕಿ ದೊಪ್ಪನೆ ಕೂತು ಹುಲ್ಲು ಕೀಳತೊಡಗಿದಳು. ನೀವು ತಿರುಗಿ ನೋಡಿ ಕೈ ಎತ್ತಿದಿರಿ. 'ಯಾರೂ ಅಲ್ಲಾಡಬೇಡಿ' ಎಂದಿರಿ. ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೂಗಲಿಲ್ಲ ನೀವು, ತುಂಬಾ ಮೃದುವಾಗಿ ಹೇಳಿದಿರಿ. ಆಮೇಲೆ ನನ್ನ ಚೀಲದಿಂದ ಹೆಣಿಗೆಯ ಕಡ್ಡಿ ಎಳೆದುಕೊಂಡು ಹೊಟ್ಟೆಯ ಮೇಲೆ ಮಲಗಿದಿರಿ. ನೆಲಕ್ಕೆ ಓರೆಯಾಗಿ ಕಡ್ಡಿ ಚುಚ್ಚುವುದು, ತೆಗೆಯುವುದು, ಎರಡು ಬೆರಳು ಆಚೆ ಮತ್ತೆ ಚುಚ್ಚುವುದು, ಅಷ್ಟು ಜಾಗ ಆದ ಮೇಲೆ ಮೊಣಕೈ ಮುಂದಿಡುವುದು. ಯಜಮಾನಿಗೆ ಖುಷಿಯೋ ಖುಷಿ. ತಾತ ತನಗಾಗಿ ಹಾವಿನ ಆಟ ಆಡುತ್ತಿದ್ದಾರೆ ಎಂದುಕೊಂಡಳು. ಜನ ಸೇರಿದರು. ಯಾರೋ ಕೆಮ್ಮಿದರು. ಬಲೂನು ಮಾರುವವನು 'ಉಂಗುರ ಬಿತ್ತಾ ಯಜಮಾನ್ರೇ, ನಾನೂ ಹುಡುಕ್ಲಾ' ಎಂದು ಕೇಳಿದ. ಬಿಸಿಲು ಮರದ ಈಚೆಗೆ ಸರಿದು ನಿಮ್ಮ ಬೆನ್ನಿನ ಮೇಲೆ ಬಂತು. ಅಷ್ಟು ಹೊತ್ತೂ ನೀವು ಕಣ್ಣನ್ನು ನೆಲದಿಂದ ಎತ್ತಲಿಲ್ಲ. ನಾವಿಬ್ಬರೂ ನಿಂತ ಕಲ್ಲಿನಿಂದ ಕಾಲು ಕೀಳಲಿಲ್ಲ.

ಅಳಿಯ ಬಂದ. ಒಂದು ಸಲ ನೋಡಿದ, ಹುಲ್ಲು ತುಳಿದುಕೊಂಡು ಸೀದಾ ಹೋಗಿ ಮಗುವನ್ನು ಎತ್ತಿಕೊಂಡ. ನೀವು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುಖವನ್ನು ಮಣ್ಣಿಗೆ ಒತ್ತಿಕೊಂಡಿರಿ. ಬಹಳ ಹೊತ್ತು ಹಾಗೇ ಇದ್ದಿರಿ. ಮುಂದಿನದು ನಿಮಗೆ ಗೊತ್ತು: ಆಸ್ಪತ್ರೆ, ಕಾರಿಡಾರು, ಇಂಜೆಕ್ಷನ್.

ಅಳಿಯನಿಗೆ ನಿಮ್ಮ ಮೇಲೆ ಸಿಟ್ಟು ಎಂದು ನೀವು ಎಣಿಸಿದ್ದೀರಿ. ಅವನು ಸಿಟ್ಟಾದದ್ದು ನಮ್ಮ ಮೇಲೆ. ಅವತ್ತು ಮನೆಗೆ ಬಂದು ಮಗುವಿನ ಬಾಯಿಂದ ಹುಲ್ಲು ತೆಗೆಯುತ್ತಾ, 'ಅವರಿಗೆ ಹುಷಾರಿಲ್ಲ, ಸರಿ. ನೀವಿಬ್ಬರು ಯಾಕೆ ಕಂಬದ ಹಾಗೆ ನಿಂತಿದ್ರಿ? ನಾಲ್ಕು ಹೆಜ್ಜೆ ಅಲ್ವಾ ಅತ್ತೆ?' ಎಂದು ಕೇಳಿದ. ಮಗಳು ಅಳುತ್ತಾ, 'ಅಪ್ಪ ಕೈ ಎತ್ತಿದ್ರು' ಎಂದಳು. ಅವಳ ಮಟ್ಟಿಗೆ ಅದು ಪೂರ್ತಿ ಉತ್ತರ. ನನಗೂ ಅಷ್ಟೇ. ಅವನು ನಮ್ಮಿಬ್ಬರ ಮುಖವನ್ನೂ ನೋಡಿ, ಮಗು ಸ್ವಲ್ಪ ದಿನ ಈ ಮನೆಗೆ ಬರುವುದು ಬೇಡ ಎಂದು ಎತ್ತಿಕೊಂಡು ಹೋದ. ನೀವು ವಸತಿಗೃಹ ಕೇಳಿದ್ದಕ್ಕೆ ಇದೂ ಒಂದು ಕಾರಣವಿರಬೇಕು; ನೀವಿಲ್ಲದಿದ್ದರೆ ಮಗು ಬರುತ್ತದೆ ಎಂದು. ಅವನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಬಸ್ ಓಡಿಸುವವನು. ದಿನವಿಡೀ ಕನ್ನಡಿಯಲ್ಲಿ ನೋಡುತ್ತಾ 'ಸ್ವಲ್ಪ ಪಕ್ಕಕ್ಕೆ ಸರೀರಿ, ಒಳಗೆ ಜಾಗ ಇದೆ, ಪಕ್ಕಕ್ಕೆ ಸರೀರಿ' ಎಂದು ಕೂಗುವುದೇ ಅವನ ಕೆಲಸ. ಅಂಥವನು ಹುಡುಕಿಕೊಂಡು ಬಂದು ನಮ್ಮ ಮನೆಗೆ ಅಳಿಯನಾಗಿದ್ದಾನೆ.

ನಮ್ಮ ಮನೆಯಲ್ಲಿ ಯಾರೂ ಪಕ್ಕಕ್ಕೆ ಸರಿಯುವುದಿಲ್ಲ ಎಂಬುದನ್ನು ಅವನು ಮದುವೆಯಾದ ಹೊಸತರಲ್ಲೇ ಕಂಡುಹಿಡಿದಿದ್ದ. ಅಡುಗೆಮನೆಯ ಓಣಿಯಲ್ಲಿ ಇಬ್ಬರು ಎದುರಾದರೆ ಬೇರೆಯವರ ಮನೆಯಲ್ಲಿ ಒಬ್ಬರು ಗೋಡೆಗೆ ಸರಿಯುತ್ತಾರೆ. ನಮ್ಮಲ್ಲಿ ಒಬ್ಬರು ಹಿಂದೆ ಹಿಂದೆ ಹೋಗಿ, ಬಂದ ಬಾಗಿಲಿನಿಂದಲೇ ಆಚೆ ಹೋಗಿ, ಇನ್ನೊಬ್ಬರನ್ನು ಬಿಟ್ಟು ಮತ್ತೆ ಬರುತ್ತಾರೆ. ಯಾರು ಹಿಂದೆ ಹೋಗಬೇಕೆಂಬುದಕ್ಕೂ ಕ್ರಮವಿದೆ: ಕೈಯಲ್ಲಿ ಏನೂ ಇಲ್ಲದವರು. ಮಗಳು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಮೆಟ್ಟಿಲ ಮೇಲೆ ಯಾರಾದರೂ ಎದುರು ಬಂದರೆ ಅವಳು ಹಿಮ್ಮುಖವಾಗಿ ಇಳಿಯುತ್ತಾಳಂತೆ. ಅಲ್ಲಿ ಅವಳ ಹೆಸರು 'ರಿವರ್ಸ್ ಗೇರು'. ಅವಳು ಇದನ್ನು ನಗುತ್ತಲೇ ಹೇಳಿದ್ದಳು. ನಾನೂ ನಕ್ಕಿದ್ದೆ.

ಇನ್ನೊಂದು ಹೇಳಬೇಕು. ನೀವು ಬರುವಷ್ಟರಲ್ಲಿ ಆಗಿರಲಿ ಎಂದು ಮರದ ನೆಲಕ್ಕೆ ಪಾಲಿಶ್ ಹಾಕಿಸಿದೆ. ಪಾಲಿಶ್‌ನವನು ಕುರ್ಚಿ ಮೇಜು ಎಲ್ಲ ಹೊರಗಿಟ್ಟು, ಮಂಡಿಯೂರಿ ಕೂತು, ನೆಲಕ್ಕೆ ಕಣ್ಣು ಕೊಟ್ಟು ಆಚೆ ನೋಡಿದ, ಈಚೆ ನೋಡಿದ. 'ಏನಮ್ಮಾ, ಮನೆಯೊಳಗೆ ರೈಲು ಓಡಿಸ್ತೀರಾ?' ಎಂದ. ನಾನೂ ಅವನ ಪಕ್ಕ ಬಗ್ಗಿ ನೋಡಿದೆ. ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಅಡುಗೆಮನೆಗೆ, ಅಲ್ಲಿಂದ ಮಲಗುವ ಕೋಣೆಗೆ, ಒಂದು ಅಡಿ ಅಗಲದ ದಾರಿಯಲ್ಲಿ ಮಾತ್ರ ಮೆರುಗು ಪೂರ್ತಿ ಹೋಗಿ ಮರ ಬೂದುಬಣ್ಣವಾಗಿದೆ. ಎರಡೂ ಬದಿಗೆ ಹಾಕಿದ ದಿನದ ಹೊಳಪು ಹಾಗೇ ಇದೆ. 'ಇಷ್ಟು ಒಳ್ಳೆ ನೆಲ, ಅರ್ಧಕ್ಕರ್ಧ ಯಾರೂ ಮುಟ್ಟೇ ಇಲ್ವಲ್ಲಮ್ಮಾ. ಬಾಡಿಗೆಗಾದ್ರೂ ಕೊಡ್ಬಹುದಿತ್ತು' ಎಂದ. ಚಹಾ ಮಾಡಿಕೊಡುತ್ತೇನೆಂದು ಎದ್ದವಳು ಅಡುಗೆಮನೆಯಲ್ಲಿ ನಿಂತೇ ಬಿಟ್ಟೆ. ನೀವು ಹೋದ ಮೇಲೂ, ನೋಡುವವರು ಯಾರೂ ಇಲ್ಲದಾಗಲೂ, ಒಬ್ಬಳೇ ಇರುವ ಮನೆಯಲ್ಲಿ ನಾನು ಆ ಗೆರೆಯ ಮೇಲೇ ನಡೆಯುತ್ತಿದ್ದೆ.

ಬೆಳಕು ಹೋಗುತ್ತಿದೆ, ಕನ್ನಡಕ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳ ಹಣೆಬರಹ. ನಾಳೆ ಮುಂದುವರಿಸುತ್ತೇನೆ.

ಬುಧವಾರ, ಅಂಗಡಿಯಲ್ಲಿ

ಊಟದ ಬಿಡುವು. ಗಾಜು ಉಜ್ಜುವ ಯಂತ್ರದ ಪಕ್ಕ ಕೂತಿದ್ದೇನೆ, ಅಕ್ಷರ ಅಲುಗಿದರೆ ಅದು ಯಂತ್ರದ ತಪ್ಪು. ಬೆಳಿಗ್ಗೆಯಿಂದ ಎರಡು ಜೋಡಿ ಗಾಜನ್ನು ಎಡಬಲ ತಪ್ಪಿ ಕೂರಿಸಿದೆ. ಮಾಲೀಕರು ನನ್ನ ಮೇಜಿನ ಮೇಲೆ ಒಂದು ಪೆಪ್ಪರ್‌ಮಿಂಟ್ ಇಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನೀವು ಕೆಲಸ ಮಾಡುತ್ತಿದ್ದ ಗೋದಾಮಿನ ಮೇಲ್ವಿಚಾರಕರು ದಾರಿಯಲ್ಲಿ ಸಿಕ್ಕಿ ನಿಮ್ಮನ್ನು ತುಂಬಾ ಕೇಳಿದರು. 'ಅವರಿದ್ದಾಗ ಒಬ್ಬನೂ ಹಳದಿ ಗೆರೆ ದಾಟ್ತಿರ್ಲಿಲ್ಲ ಅಕ್ಕಾ, ಈಗ ಎಲ್ಲಾ ಮೇಯೋಕೆ ಬಿಟ್ಟ ಹಾಗೆ ಓಡಾಡ್ತಾರೆ' ಎಂದರು. ಆ ಗೋದಾಮಿನಲ್ಲಿ ನೀವು ಎಷ್ಟು ಸುಖವಾಗಿದ್ದಿರಿ! ನೆಲದ ಮೇಲೆ ಗೆರೆ ಬರೆದಿಟ್ಟ, ಅದರೊಳಗೇ ನಡೆಯಬೇಕೆಂದು ಎಲ್ಲರಿಗೂ ಅಪ್ಪಣೆಯಾಗಿರುವ ಜಾಗ. ಸಂಜೆ ಅಲ್ಲಿಂದ ಹೊರಟು ಗೆರೆಯಿಲ್ಲದ ರಸ್ತೆಗೆ ಬಂದು ನಿಲ್ಲುವಾಗ ನಿಮಗೆ ಏನಾಗುತ್ತಿತ್ತೋ. ನಾನು ಒಂದು ದಿನವೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಕೇಳಿದರೆ 'ಎಲ್ಲಾ ಸರಿ ಇದೆ' ಎನ್ನುತ್ತಿದ್ದಿರಿ. ಡಾಕ್ಟರಮ್ಮನಿಗೂ ಅದನ್ನೇ ಹೇಳುತ್ತೀರಂತೆ.

ಈಗ ಮುಖ್ಯ ಸುದ್ದಿ. ಮೊನ್ನೆ ಭಾನುವಾರ ಉದ್ದಣ್ಣ ಬಂದಿದ್ದರು, ನಿಮ್ಮ ತುಕಡಿಯ ಉದ್ದಣ್ಣ. ಈಗ ಬೆನ್ನು ಬಗ್ಗಿದೆ, ಆದರೂ ಬಾಗಿಲಿಗೆ ತಲೆ ತಾಗಿಸಿಕೊಂಡೇ ಒಳಗೆ ಬಂದರು. ನಾನು ತಟ್ಟೆ ಹಿಡಿದುಕೊಂಡು ಓಣಿಯಲ್ಲಿ ಅವರಿಗೆ ಎದುರಾದೆ. ಅವರು ಪಕ್ಕಕ್ಕೆ ಸರಿಯಲಿಲ್ಲ. ಹಿಂದೆ ಹೋದರು. ಹಿಂದೆ ಹೋಗಿ, ಬಾಗಿಲು ದಾಟಿ, ಹೊರಗೆ ಚಪ್ಪಲಿಗಳ ನಡುವೆ ನಿಂತರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಇಷ್ಟು ವರ್ಷ ಇದು ನಮ್ಮ ಮನೆಯ ಹುಚ್ಚು, ನಿಮ್ಮ ಶಿಸ್ತಿನ ಹುಚ್ಚು ಎಂದುಕೊಂಡಿದ್ದೆ. ಇನ್ನೊಂದು ಮನೆಯಿಂದ ಬಂದವರೂ ಅದನ್ನೇ ಮಾಡಿದರೆ? ಕೇಳಿದೆ. ಅವರು ಚಹಾದ ಲೋಟವನ್ನು ಕೆಳಗಿಟ್ಟರು. ಆಮೇಲೆ ಹೇಳಿದರು.

ಮಾವನ ಬಗ್ಗೆ ಹೇಳಿದರು. ಲಾರಿ ಓಡಿಸುತ್ತಿದ್ದ, ತುಕಡಿಗೆಲ್ಲ ದೊಡ್ಡವನಾದ್ದರಿಂದ ನೀವೆಲ್ಲ ಮಾವ ಎಂದು ಕರೆಯುತ್ತಿದ್ದ ಆ ದಪ್ಪ ಮನುಷ್ಯನನ್ನು ನಾನು ಒಂದೇ ಸಲ ನೋಡಿದ್ದು. ರಜೆಯಲ್ಲಿ ನಮ್ಮ ಮನೆಗೆ ಬಂದು ಮೊಟ್ಟೆಗಳನ್ನೆಲ್ಲ ಮುಗಿಸಿ, 'ಕೋಳೀನೂ ಇದ್ರೆ ಕೊಡು ತಂಗಿ' ಎಂದಿದ್ದರು. ಅದೇ ಓಣಿಯಲ್ಲಿ, ಇದೇ ತಟ್ಟೆ ಹಿಡಿದು ನಾನು ಎದುರಾದಾಗ, ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಂಡು ಗೋಡೆಗೆ ಅಂಟಿ, 'ಬಾ ತಂಗಿ, ಮೊದಲು ನೀನು' ಎಂದಿದ್ದರು. ಅಷ್ಟು ಮಾಡಿದರೂ ಜಾಗ ಸಾಲಲಿಲ್ಲ, ಮೂವರೂ ನಕ್ಕಿದ್ದೆವು. ನೀವೂ ನಕ್ಕಿದ್ದಿರಿ. ಆಗ ನಮ್ಮ ಮನೆಯಲ್ಲಿ ಜನ ಪಕ್ಕಕ್ಕೆ ಸರಿಯುತ್ತಿದ್ದರು.

ಗಡಿಯಲ್ಲಿ ನೆಲಬಾಂಬುಗಳನ್ನು ಹೂತಿದ್ದ ಒಂದು ಬಯಲಿನಲ್ಲಿ ನೀವು ಕಡ್ಡಿ ಚುಚ್ಚಿ ಚುಚ್ಚಿ ದಾರಿ ಮಾಡಿದಿರಿ, ಎರಡೂ ಬದಿಗೆ ಬಿಳಿ ಪಟ್ಟಿ ಎಳೆದಿರಿ, ಆ ಕೊನೆಯಲ್ಲಿ ಎದ್ದು ನಿಂತು 'ದಾರಿ ಸರಿ ಇದೆ' ಎಂದು ಕೂಗಿದಿರಿ, ಎಲ್ಲರೂ ಒಬ್ಬರ ಹಿಂದೊಬ್ಬರು ಹೊರಟರು. ಹಿಂದಿನಿಂದ ಸ್ಟ್ರೆಚರ್ ಬಂತು. ಅದರಲ್ಲಿದ್ದದ್ದು ಉದ್ದಣ್ಣನೇ. ಮಾವ ಹಿಂದೆ ತಿರುಗಿ ನೋಡಿ, ನೋವಿನಲ್ಲಿರುವವನು ಮೊದಲು ಹೋಗಲಿ ಎಂದು, ಪಟ್ಟಿಯ ಆಚೆಗೆ ಒಂದು ಹೆಜ್ಜೆ ಸರಿದರು. ನೀವು ಕೈ ಎತ್ತಿದಿರಿ. ಅವರು ನಿಮ್ಮ ಕಡೆ ನೋಡುತ್ತಿರಲಿಲ್ಲ. 'ಅವನ ದಾರಿ ಸರಿಯಾಗೇ ಇತ್ತು ತಂಗಿ' ಎಂದು ಉದ್ದಣ್ಣ ಮತ್ತೆ ಮತ್ತೆ ಹೇಳಿದರು, 'ಒಂದಂಗುಲ ತಪ್ಪಿರ್ಲಿಲ್ಲ. ಮಾವ ನನಗೆ ದಾರಿ ಬಿಟ್ಟ ಅಷ್ಟೇ. ಒಳ್ಳೇತನಕ್ಕೆ ಸತ್ತ.' ಹೊರಡುವಾಗ, ತಾನು ಇಷ್ಟು ವರ್ಷದಲ್ಲಿ ಬಸ್ಸಿನಲ್ಲಿ ಯಾರಿಗೂ ಜಾಗ ಬಿಟ್ಟುಕೊಟ್ಟಿಲ್ಲ, ಜನ ಮುಖಕ್ಕೇ ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ ಎಂದರು.

ಇದನ್ನು ಕೇಳಿದ ಮೇಲೆ ನನಗೆ ನಿಮ್ಮ ಮೇಲಿನ ಕೋಪ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೊಂದು ಥರದ ಕೋಪ ಬಂತು. ಇಷ್ಟು ವರ್ಷ ಆ ಬಯಲನ್ನು ಒಬ್ಬರೇ ಹೊತ್ತುಕೊಂಡಿದ್ದೇನೆ ಎಂದು ನೀವು ತಿಳಿದಿದ್ದೀರಿ, ನಮ್ಮನ್ನು ಅದರ ಹೊರಗಿಟ್ಟು ಕಾಪಾಡಿದ್ದೇನೆ ಎಂದು. ನಮ್ಮ ನೆಲವನ್ನು ನೋಡಿದ ಪಾಲಿಶ್‌ನವನನ್ನು ಕೇಳಿ. ನಾನೂ ನಿಮ್ಮ ಮಗಳೂ ಯಾವ ಬಾಂಬನ್ನೂ ನೋಡಿದವರಲ್ಲ, ಆದರೂ ಆ ಬಿಳಿ ಪಟ್ಟಿಗಳ ನಡುವೆಯೇ ನಡೆದು ಬಂದವರು. ಇನ್ನು ವಸತಿಗೃಹಕ್ಕೆ ನೀವೊಬ್ಬರೇ ಹೋದರೆ ಏನು ಪ್ರಯೋಜನ? ಆ ದಾರಿ ಈ ಮನೆಯಲ್ಲಿ ಹಾಗೇ ಉಳಿಯುತ್ತದೆ, ನಡೆಯಲು ನಾವಿಬ್ಬರು ಸಾಕು. ಆಮೇಲೆ ಯಜಮಾನಿಗೂ ಕಲಿಸುತ್ತೇವೆ, ಬೇಕೆಂದಲ್ಲ, ಗೊತ್ತಿಲ್ಲದೆಯೇ.

ಅದಕ್ಕೇ ನಿನ್ನೆ, ಪಾಲಿಶ್ ಒಣಗಿದ ಮೇಲೆ, ಕಿಟಕಿಯ ಬದಿಯ ಆ ಮೂಲೆಗೆ ಹೋಗಿ ನಿಂತೆ. ಅದೇ, ನೀಲಿ ಜಮಖಾನದ ಆಚೆಯ ಮೂಲೆ. ಕಾಲು ಇಡುವ ಮೊದಲು ಹೆಬ್ಬೆರಳಿನಿಂದ ಹಲಗೆಯನ್ನು ಒತ್ತಿ ನೋಡಿದೆ. ನಗಬೇಡಿ. ಹಲಗೆ ಒಂದು ಕಡೆ ಕಿರ್ ಎನ್ನುತ್ತದೆ. ಆ ಸದ್ದು ನಮ್ಮ ಮನೆಯಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಎದುರುಮನೆಯ ದರ್ಜಿಯ ಕೋಣೆ ಕಾಣುತ್ತದೆ. ಅವನು ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ರೇಡಿಯೋದ ಜೊತೆ ಜಗಳವಾಡುತ್ತಾನೆ. ನನ್ನನ್ನು ನೋಡಿ, ಈ ಕಿಟಕಿಯಲ್ಲಿ ಮನುಷ್ಯರೂ ಇದ್ದಾರೆಯೇ ಎಂಬಂತೆ ಬೆಚ್ಚಿಬಿದ್ದ. ನಿಮ್ಮ ಕುರ್ಚಿಯನ್ನು ಅಲ್ಲಿಗೆ ಹಾಕಿದ್ದೇನೆ. ನೀವು ಒಪ್ಪದಿದ್ದರೆ ಹಿಂದಿನ ಜಾಗಕ್ಕೇ ಹಾಕಬಹುದು, ಆದರೆ ಅದನ್ನು ಬಂದು ಹೇಳಬೇಕು, ಡಾಕ್ಟರ ಬಾಯಿಯಿಂದಲ್ಲ.

ಗಿರಾಕಿ ಬಂದರು, ನಿಲ್ಲಿಸುತ್ತೇನೆ. ಮಗಳು ನಿಮ್ಮನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಪಕ್ಕದ ಹಾಸಿಗೆಯವರಿಗೆ ನನ್ನ ನಮಸ್ಕಾರ. ಎರಡನೆಯ ಸಾಲು ನೆನಪಾದರೆ ನನಗೂ ಬರೆದು ಕಳಿಸಲಿ. ಮುಲಾಮು ಹಚ್ಚಿ. ಮಾವನ ವಿಷಯವನ್ನು ಡಾಕ್ಟರಮ್ಮನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅದು ನೀವೇ ಹೇಳಬೇಕಾದದ್ದು. ಇಂದಲ್ಲದಿದ್ದರೆ ನಿಮಗೆ ಆದಾಗ.

ನಿಮ್ಮ,
ಇವಳು

ತಾ.ಕ.: ಲಕೋಟೆಗೆ ಅಂಟು ಹಚ್ಚಿಬಿಟ್ಟಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಈಗ ಅಳಿಯ ಅಂಗಡಿಯ ಮುಂದೆ ಬಸ್ ನಿಲ್ಲಿಸಿ, ಹಿಂದೆ ಹಾರ್ನ್ ಹೊಡೆಯುತ್ತಿದ್ದರೂ ಇಳಿದು ಬಂದು ಹೇಳಿ ಹೋದ: ಶನಿವಾರ ಅವನಿಗೆ ರಜೆ, ನನ್ನನ್ನು ಗಾಡಿಯಲ್ಲಿ ಅವನೇ ಕರೆತರುತ್ತಾನೆ, ಯಜಮಾನಿಯೂ ಜೊತೆಗೆ. ನಾನು ಕೇಳಿರಲಿಲ್ಲ, ಅವನೇ ಹೇಳಿದ್ದು. 'ತಾತ, ಹಾವು, ತಾತ, ಹಾವು ಅಂತಾನೇ ಇರ್ತಾಳೆ ಅತ್ತೆ, ಏನ್ ಮಾಡ್ಲಿ' ಎಂದ. ನಿಮ್ಮ ವಾರ್ಡಿನ ಮುಂದೆ ಹುಲ್ಲಿನ ಬಯಲು, ಅದರ ನಡುವೆ ಒಬ್ಬರೇ ನಡೆಯುವಷ್ಟು ಅಗಲದ ಸಿಮೆಂಟ್ ದಾರಿ. ಹೋದ ಸಲ ನನ್ನನ್ನು ಕಳಿಸಲು ಗೇಟಿನವರೆಗೆ ಬಂದಾಗ ಎದುರಿಗೆ ನರ್ಸ್ ಬಂದಳೆಂದು ನೀವು ವಾರ್ಡಿನ ಬಾಗಿಲಿನವರೆಗೂ ಹಿಂದೆ ಹೋಗಿದ್ದಿರಿ. ಈ ಸಲ ನೀವು ಬಾಗಿಲಿನಿಂದ ಚೀಲ ಹಿಡಿದು ಬನ್ನಿ, ನಾನು ಗೇಟಿನಿಂದ ಬರುತ್ತೇನೆ. ನಡುವೆ ಎಲ್ಲೋ ಎದುರಾಗುತ್ತೇವೆ. ಅಲ್ಲಿ ನಾನು ಪಕ್ಕಕ್ಕೆ ಸರಿದು ಹುಲ್ಲಿನ ಮೇಲೆ ನಿಲ್ಲುತ್ತೇನೆ. ನೀವು ಕೈ ಎತ್ತುತ್ತೀರಿ, ಗೊತ್ತು. ಎತ್ತಿ, ಪರವಾಗಿಲ್ಲ. ನಾನು ನಿಮ್ಮ ಕಡೆಯೇ ನೋಡುತ್ತಿರುತ್ತೇನೆ, ಕೈಯೂ ಕಾಣುತ್ತದೆ, ಆದರೂ ಸರಿಯುತ್ತೇನೆ. ಸರಿದು, ಅಲ್ಲೇ ನಿಂತಿರುತ್ತೇನೆ. ನೀವು ನನ್ನನ್ನು ದಾಟಿಕೊಂಡು ಗಾಡಿಯವರೆಗೆ ಹೋಗಿ.